ಬಿದ್ದದ್ದು ಬಿದ್ದ ಹಾಗೆ

ದಾಳ ಮೇಜಿನ ಅಂಚಿನವರೆಗೂ ಉರುಳಿಹೋಗಿ ಕನ್ನಡಕದ ಡಬ್ಬಿಗೆ ತಾಗಿ ನಿಂತಿತು. ಇಪ್ಪತ್ತು.

ಅವನು ಬಗ್ಗಿ ಇನ್ನೊಮ್ಮೆ ನೋಡಿದ. ಇಪ್ಪತ್ತೇ. ಕಂಪ್ಯೂಟರಿನ ಆಚೆ ಮೂರು ಕಡೆ ಮೂರು ಜನ ಕಾಯುತ್ತಿದ್ದರು. ಪರದೆಯ ಮೇಲಿನ ಕೊನೆಯ ಸಾಲು ಅಕ್ಕನದು: "ಅಂಬಿಗಿತ್ತಿ ದೋಣಿಯಲ್ಲಿ ಎದ್ದು ನಿಂತು ಹುಟ್ಟನ್ನು ಮೊಸಳೆಯ ಗಂಟಲಿಗೆ ತುರುಕುತ್ತಾಳೆ. ಆಗೋದು ಆಗ್ಲಿ."

ಆಗುವುದೇನು ಎಂದು ದಾಳ ಹೇಳಿಯಾಗಿತ್ತು. ಅವರ ಆಟದ ನಿಯಮ ಸರಳ. ಸೂತ್ರಧಾರ ಕಥೆ ಹೇಳುತ್ತಾನೆ, ಉಳಿದವರು ಒಬ್ಬೊಬ್ಬರೂ ಕಥೆಯೊಳಗಿನ ಒಂದೊಂದು ಪಾತ್ರವಾಗಿ ತಾವು ಏನು ಮಾಡುತ್ತೇವೆಂದು ಬರೆಯುತ್ತಾರೆ. ಅಪಾಯ ಮೇಲೆರಗಿದಾಗ ಸೂತ್ರಧಾರ ಇಪ್ಪತ್ತು ಮುಖದ ದಾಳ ಹಾಕಬೇಕು. ಅಂಕಿ ದೊಡ್ಡದಾದಷ್ಟೂ ಪೆಟ್ಟು ದೊಡ್ಡದು. ಹದಿನೆಂಟು ಮುಟ್ಟಿದರೆ ಕೈಯೋ ಕಾಲೋ ಹೋಗುತ್ತದೆ. ಇಪ್ಪತ್ತಕ್ಕೆ ಪಾತ್ರವೇ ಹೋಗುತ್ತದೆ.

ಅವನು 'ಇ' ಎಂದು ಟೈಪ್ ಮಾಡಿ ಅಳಿಸಿದ. ಅಡುಗೆಮನೆಯಲ್ಲಿ ಹೆಂಡತಿ ಕುಕ್ಕರಿನ ಮುಚ್ಚಳ ಕೂರಿಸಲು ಒದ್ದಾಡುವ ಸದ್ದು ಕೇಳುತ್ತಿತ್ತು. ಮತ್ತೆ ಬರೆದ, ಮತ್ತೆ ಅಳಿಸಿದ. ದಾಳವನ್ನು ಬೆರಳಲ್ಲಿ ಎತ್ತಿ ಡಬ್ಬಿಯೊಳಗೆ ಹಾಕಿ ಮುಚ್ಚಿದ ಮೇಲೆ ಕೈ ಸಲೀಸಾಗಿ ಓಡಿತು.

"ಏಳು. ಮೊಸಳೆಯ ಹಲ್ಲು ಹುಟ್ಟಿಗೆ ಕಚ್ಚಿಕೊಳ್ಳುತ್ತದೆ. ಹುಟ್ಟು ಮುರಿಯುತ್ತದೆ. ಮೊಸಳೆ ಅದನ್ನೇ ಕಚ್ಚಿಕೊಂಡು ನೀರಿಗೆ ಜಾರುತ್ತದೆ."

"ಬದುಕ್ಕೊಂಡ್ಲು!" ಎಂದು ಮೇಷ್ಟ್ರು ಬರೆದರು. ಅವರು ಪ್ರೌಢಶಾಲೆಯೊಂದರಲ್ಲಿ ಗಣಿತ ಹೇಳಿಕೊಡುತ್ತಿದ್ದರು.

"ಅಕ್ಕನ ಆಯಸ್ಸು ಗಟ್ಟಿ. ಒಂದ್ನಿಮಿಷ, ಗಿರಾಕಿ ಬಂದ್ರು," ಎಂದು ಕೊಕ್ಕರೆ ಬರೆದ. ಅವನದು ಔಷಧಿ ಅಂಗಡಿ. ಉದ್ದ ಕಾಲು, ಉದ್ದ ಕುತ್ತಿಗೆ. ಹೆಸರು ಕಾಲೇಜಿನಲ್ಲೇ ಬಿದ್ದದ್ದು.

ಅಕ್ಕ ಮಾತ್ರ, "ಏಳಾ?" ಅಂದಳು.

"ಏಳು."

"ಸರಿ."

ಅಡುಗೆಮನೆಯಿಂದ ಹೆಂಡತಿ ಕೂಗಿದಳು: "ರೀ, ನಿಮ್ಮ ಮೊಸಳೆಗೆ ಊಟ ಆಯ್ತಾ? ಆಗಿದ್ರೆ ನಮಗೂ ತಟ್ಟೆ ಹಾಕಿ."

ಎರಡು ವರ್ಷದ ಹಿಂದೆ ಈ ಆಟವನ್ನು ಶುರುಮಾಡಿದ್ದೇ ಅಕ್ಕನಿಗಾಗಿ. ಅವಳ ಕಿವಿ ನಲವತ್ತು ದಾಟುತ್ತಿದ್ದ ಹಾಗೆ ಮಂದವಾಗುತ್ತ ಬಂದಿತ್ತು. ಮೊದಮೊದಲು "ಆಂ?" ಅನ್ನುತ್ತಿದ್ದಳು, ಆಮೇಲೆ ಎದುರಿನವರ ತುಟಿ ನೋಡುವುದನ್ನು ಕಲಿತಳು, ಆಮೇಲೆ ಮದುವೆ ಮುಂಜಿಗಳಿಗೆ ಹೋಗುವುದನ್ನೇ ಬಿಟ್ಟಳು. ಎಲ್ಲರೂ ನಕ್ಕು ಮುಗಿಸಿದ ಮೇಲೆ ತಾನೊಬ್ಬಳೇ ನಗುವುದು ಅವಳಿಗೆ ಸಾಕಾಗಿಹೋಗಿತ್ತು. ಅಪ್ಪ ಹೋದಾಗ ಹತ್ತೊಂಬತ್ತನೆಯ ವಯಸ್ಸಿಗೇ ಕೆಲಸಕ್ಕೆ ಸೇರಿ ತಮ್ಮನನ್ನು ಓದಿಸಿದವಳು. ಮದುವೆಯ ಮಾತು ಎರಡು ಮೂರು ಬಾರಿ ಬಂದು ಹೋಯಿತು. ಅದನ್ನೂ ಹಿರಿಯರೇ ಬೇಡವೆಂದು ತೀರ್ಮಾನಿಸಿ, ಆದ ಮೇಲೆ ಅವಳಿಗೆ ತಿಳಿಸಿದ್ದರು. ಈಗ ಒಬ್ಬಳೇ ಸಾರಿಗೆ ಇಲಾಖೆಯ ಕ್ವಾರ್ಟರ್ಸಿನಲ್ಲಿ ಇದ್ದಳು.

ಹಾಸ್ಟೆಲಿನ ದಿನಗಳಲ್ಲಿ ಅವನು ಈ ಆಟವನ್ನು ಗೆಳೆಯರ ನಡುವೆ ಕೂತು, ಗಂಟಲು ಹರಿದುಕೊಂಡು ಆಡಿಸಿದ್ದ. ಅದನ್ನೇ ಬರಹಕ್ಕೆ ಇಳಿಸಿದರೆ ಹೇಗೆ ಎಂದು ಹೊಳೆದದ್ದು ಬಹಳ ತಡವಾಗಿ. ಭಾನುವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡೂವರೆ. ಮಾತಿಲ್ಲ, ಮುಖವಿಲ್ಲ, ಬರೀ ಚಾಟ್. ಅಂಗಡಿಯಲ್ಲಿ ಕೂತ ಕೊಕ್ಕರೆಗೂ, ತುಂಬಿದ ಮನೆಯ ಮೇಷ್ಟ್ರಿಗೂ ಅದೇ ಅನುಕೂಲವಾಯಿತು. ಮೊದಲ ದಿನವೇ ಅಕ್ಕ ಬರೆದಿದ್ದಳು: "ಇಲ್ಲಿ ಎಲ್ರೂ ನನ್ನಷ್ಟೇ ಕಿವುಡರು ಕಣೋ. ಚೆನ್ನಾಗಿದೆ."

ದೊಡ್ಡ ಹೊಳೆಯೊಂದರ ಎರಡು ದಡಗಳ ಕಥೆ ಅದು. ಅಕ್ಕ ಆರಿಸಿಕೊಂಡದ್ದು ದೋಣಿ ನಡೆಸುವ ಅಂಬಿಗಿತ್ತಿಯ ಪಾತ್ರ. ಅಕ್ಕನಿಗೆ ಹೀಗೆಲ್ಲ ಬೈಯಲು ಬರುತ್ತದೆ, ತಮಾಷೆ ಮಾಡಲು ಬರುತ್ತದೆ, ನಾಲ್ಕು ಜನ ಬೇಡವೆಂದದ್ದನ್ನು ಮಾಡಿಯೇ ತೀರಲು ಬರುತ್ತದೆ ಎಂದು ಅವನಿಗೆ ಗೊತ್ತಾದದ್ದು ಆ ಅಂಬಿಗಿತ್ತಿಯಿಂದ. ದಾಳ ಒಂದೇ, ಅದು ಅವನ ಮೇಜಿನ ಮೇಲೆ. ಅವನು ಓದಿ ಹೇಳಿದ್ದೇ ಅಂಕಿ. ಅವನು ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರ್; ಅಂಥವನು ಹೇಳಿದ ಮೇಲೆ ಇನ್ನೇನು ಅನುಮಾನ? "ತಕ್ಕಡಿ ಸಾಹೇಬ್ರೇ ಹೇಳಿದ್ರಲ್ಲ, ಮುಗೀತು," ಎಂದು ಕೊಕ್ಕರೆ ತನ್ನ ಪಾತ್ರದ ಎಡಗೈ ಕಳೆದುಕೊಂಡ ದಿನವೂ ಅಂದಿದ್ದ.

ಸುಳ್ಳು ಶುರುವಾದದ್ದು ನಾಲ್ಕನೆಯ ವಾರ. ಅಂಬಿಗಿತ್ತಿಯ ಮೇಲೆ ದಾಳ ಹಾಕಿದಾಗ ಹತ್ತೊಂಬತ್ತು ಬಿತ್ತು. ಅವಳಿನ್ನೂ ಹೊಸಬಳು, ಈಗಷ್ಟೇ ಬಾಯಿ ಬಿಡುತ್ತಿದ್ದಾಳೆ ಅನ್ನಿಸಿ, ಅವನು ಹತ್ತನ್ನು ನುಂಗಿ ಒಂಬತ್ತು ಎಂದು ಬರೆದ. ಅಷ್ಟೇ. ಒಮ್ಮೆ ನುಂಗಿದ್ದು ಸುಲಭವಾಗಿ ಇಳಿಯಿತು; ಆಮೇಲೆ ಅದೇ ಅಭ್ಯಾಸವಾಯಿತು.

ಮಂಗಳವಾರ ಅವನು ತರಕಾರಿ ಮಾರುಕಟ್ಟೆಯ ತಪಾಸಣೆಗೆ ಹೋದ. ಮಾದರಿ ತೂಕಗಳ ಪೆಟ್ಟಿಗೆಯನ್ನು ತಾನೇ ಹೊತ್ತುಕೊಳ್ಳುವುದು ಅವನ ರೂಢಿ. ಹಿತ್ತಾಳೆಯ ಆ ತೂಕಗಳನ್ನು ಅವನು ಎಂದೂ ಬರಿಗೈಯಲ್ಲಿ ಮುಟ್ಟುತ್ತಿರಲಿಲ್ಲ. ಬೆರಳಿನ ಜಿಡ್ಡು ಹತ್ತಿದರೂ ತೂಕ ಬದಲಾಗುತ್ತದೆ, ಅದಕ್ಕೇ ಇಕ್ಕಳ. ಮೂಲೆಯ ಅಂಗಡಿಯ ಮುದುಕಿಯ ತಕ್ಕಡಿಯಲ್ಲಿ ಒಂದು ಕಿಲೋ ಇಟ್ಟಾಗ ಮುಳ್ಳು ಒಂಬೈನೂರ ಎಪ್ಪತ್ತಕ್ಕೆ ನಿಂತಿತು.

"ಅಜ್ಜಿ, ಇದು ಸರಿ ಇಲ್ಲ."

"ಕಮ್ಮಿ ತೋರಿಸ್ತಿದೆ ಅಲ್ವಾ ಸಾರ್? ಅಂದ್ರೆ ಗಿರಾಕಿಗೆ ಜಾಸ್ತಿ ಹೋಗ್ತಿದೆ. ನಷ್ಟ ನಂದು ತಾನೆ?"

"ಯಾರಿಗಾದ್ರೂ ಹೋಗ್ಲಿ. ತಪ್ಪು ತಪ್ಪೇ."

"ಒಳ್ಳೇದು ಮಾಡೋ ತಪ್ಪಿಗೂ ಬೀಗ ಹಾಕ್ತೀರಾ?"

"ಸರಿ ಮಾಡಿಸ್ಕೊಂಡು ಬನ್ನಿ, ತೆಗೀತೀನಿ," ಎಂದು ಅವನು ತಕ್ಕಡಿಗೆ ತಂತಿ ಸುತ್ತಿ ಮುದ್ರೆ ಒತ್ತಿದ. ಮುದುಕಿ ಪಕ್ಕದ ಅಂಗಡಿಯವಳಿಗೆ ಕೇಳುವ ಹಾಗೆ, "ದೇವರು ಇವರನ್ನೂ ಹೀಗೇ ತೂಗ್ಲಿ," ಅಂದಳು. ಅವನಿಗೆ ನಗು ಬಂತು. ಇಂಥವನ್ನು ದಿನಕ್ಕೆ ಹತ್ತು ಕೇಳುತ್ತಿದ್ದ.

ಬುಧವಾರ ಮಧ್ಯಾಹ್ನ ಕಚೇರಿಯಲ್ಲಿ ಊಟದ ಡಬ್ಬಿ ಬಿಚ್ಚುವಾಗ ಮೊಬೈಲಿನಲ್ಲಿ ಅಕ್ಕನ ಮೆಸೇಜು ಬಂತು.

"ಊಟ ಆಯ್ತಾ?"

"ಈಗ ಕೂತಿದೀನಿ. ಹೇಳು."

"ಮುಗಿಸಿ ಹೇಳು."

"ಪರವಾಗಿಲ್ಲ ಹೇಳಕ್ಕಾ."

ಒಂದು ಫೋಟೋ ಬಂತು. ಗೆರೆ ಹಾಕಿದ ನೋಟ್‌ಬುಕ್ಕಿನ ಹಾಳೆ, ಅಕ್ಕನ ದುಂಡು ಅಕ್ಷರ. ತಾರೀಖು, ಅಪಾಯ, ಅಂಕಿ. ಕಾಡುಹಂದಿ ಹನ್ನೊಂದು. ಸುಳಿ ಆರು. ಬಾಣ ಹದಿನಾಲ್ಕು. ಅದರ ಹಿಂದೆ ಇನ್ನೊಂದು ಹಾಳೆ, ಮತ್ತೊಂದು. ಅಕ್ಕ ಬಸ್ ನಿಲ್ದಾಣದಲ್ಲಿ ಕಳೆದುಹೋದ ವಸ್ತುಗಳ ಕೌಂಟರ್ ನೋಡಿಕೊಳ್ಳುವವಳು. ಬಂದ ಕೊಡೆಗೆಲ್ಲ ಒಂದು ನಂಬರು ಹಾಕಿ ಬರೆದಿಡುವುದೇ ಅವಳ ಕೆಲಸ. ಆಟದಲ್ಲೂ ಬರೆದಿಟ್ಟಿದ್ದಳು ಎಂಬುದು ಅವನಿಗೆ ಗೊತ್ತಿರಲಿಲ್ಲ.

"ನನ್ನ ಮೇಲೆ ಐವತ್ತೆಂಟು ಸಲ ದಾಳ ಬಿದ್ದಿದೆ. ಒಂದ್ಸಲಾನೂ ಹದಿನೆಂಟು ಮುಟ್ಟಿಲ್ಲ. ಮೇಷ್ಟ್ರನ್ನ ಕೇಳಿದೆ. ಹನ್ನೆರಡು ಸಾವಿರಕ್ಕೆ ಒಂದ್ಸಲ ಹಾಗಾಗುತ್ತಂತೆ. 'ಆಗೋದೇ ಇಲ್ಲ ಅಂತಲ್ಲ ಅಕ್ಕಾ, ಆದ್ರೆ ದಾಳಕ್ಕೆ ನಿಮ್ಮ ಮೇಲೆ ತುಂಬಾ ಪ್ರೀತಿ ಇರ್ಬೇಕು' ಅಂದ್ರು."

ಅವನು ತುತ್ತು ಕೆಳಗಿಟ್ಟ.

"ಲೆಕ್ಕ ಇಲ್ದೇನೂ ಗೊತ್ತಾಗಿತ್ತು," ಎಂದು ಅವಳು ಮುಂದುವರಿಸಿದಳು. "ಬೇರೆಯವರ ಅಂಕಿ ತಟ್ ಅಂತ ಬರುತ್ತೆ. ನಂದಕ್ಕೆ ಮಾತ್ರ 'ಟೈಪ್ ಮಾಡುತ್ತಿದ್ದಾರೆ, ಟೈಪ್ ಮಾಡುತ್ತಿದ್ದಾರೆ' ಅಂತ ತೋರಿಸ್ತಾನೇ ಇರುತ್ತೆ. ಏಳು ಅಂತ ಬರೆಯೋಕೆ ಎರಡು ನಿಮಿಷ ಬೇಕಾ ಪುಟ್ಟಾ? ಭಾನುವಾರ ಎಷ್ಟು ಬಿತ್ತು?"

ಪಕ್ಕದ ಮೇಜಿನ ಗುಮಾಸ್ತ ಉಪ್ಪು ಇದೆಯಾ ಎಂದು ಕೇಳಿದ. ಅವನು ಕೊಟ್ಟ. ಅಕ್ಕನ ಪರದೆಯ ಮೇಲೆ ಈಗಲೂ ತನ್ನ ಹೆಸರಿನ ಕೆಳಗೆ ಅದೇ ಸಾಲು ಮೂಡಿ ಮೂಡಿ ಆರುತ್ತಿರುತ್ತದೆ, ಅಕ್ಕ ಅದನ್ನು ನೋಡುತ್ತ ಕೂತಿರುತ್ತಾಳೆ ಎಂದು ಹೊಳೆದು ಬೆರಳು ನಿಂತಿತು. ಬೇಗ ಬರೆದ.

"ಇಪ್ಪತ್ತು."

"ಅಂದ್ರೆ ನನ್ನ ಅಂಬಿಗಿತ್ತಿ ಸತ್ತಿದಾಳೆ."

"ನೀನು ಸೋಲೋದು ನೋಡೋಕೆ ಆಗ್ಲಿಲ್ಲಕ್ಕಾ."

"ಸೋಲ್ತಿದ್ದಿದ್ದು ನಾನು. ನೋಡೋಕೆ ಆಗ್ದೇ ಇದ್ದಿದ್ದು ನಿಂಗೆ."

"ಆಟ ಅಲ್ವಾ."

"ಹೌದು, ಆಟ. ಆಟದಲ್ಲೂ ಬಿಡ್ಲಿಲ್ವಲ್ಲ ನೀನು." ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಸಾಲು ಬಂತು. "ಅಮ್ಮ ನಿದ್ದೆಯಲ್ಲೇ ಹೋದ್ಲು ಅಂತ ಬರೆದಿದ್ಯಲ್ಲ, ಆವತ್ತೂ ಬರೆಯೋಕೆ ತುಂಬಾ ಹೊತ್ತು ತಗೊಂಡಿದ್ದೆ."

ಅವಳ ಹೆಸರಿನ ಪಕ್ಕದ ಹಸಿರು ಚುಕ್ಕೆ ಆರಿತು.

ಆರು ವರ್ಷದ ಹಿಂದೆ ಅಕ್ಕ ಬೇರೆ ಊರಿನ ಆಸ್ಪತ್ರೆಯಲ್ಲಿ ಕಿವಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಮೂರನೆಯ ದಿನ ಅಮ್ಮ ಬಚ್ಚಲುಮನೆಯಲ್ಲಿ ಬಿದ್ದಿದ್ದಳು. ಕಿವಿಯ ವೈದ್ಯರು ಅಕ್ಕನಿಗೆ ಮೂರು ವಾರ ಪ್ರಯಾಣ ಕೂಡದು, ಮೂಗು ಸೀನಕೂಡದು, ಅಳಕೂಡದು ಅಂದಿದ್ದರು. ಅವನೂ ಚಿಕ್ಕಪ್ಪನೂ ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ಮಾತಾಡಿಕೊಂಡರು. "ಹೇಳಿದ್ರೆ ಅವಳು ನಿಲ್ಲಲ್ಲ, ಓಡಿ ಬರ್ತಾಳೆ. ಇದ್ದಬದ್ದ ಕಿವೀನೂ ಹೋಗುತ್ತೆ," ಎಂದ ಚಿಕ್ಕಪ್ಪ. ಅವನು ತಲೆಯಾಡಿಸಿದ. ಅಮ್ಮ ಒಂಬತ್ತು ದಿನ ಇದ್ದಳು. ಒಂಬತ್ತು ದಿನವೂ ಅವನು ಅಕ್ಕನಿಗೆ ಮೆಸೇಜು ಕಳಿಸಿದ: ಅಮ್ಮ ಆರಾಮ, ಸ್ವಲ್ಪ ಜ್ವರ, ಊಟ ಮಾಡಿದ್ಲು, ಮಲಗಿದಾಳೆ. ಹತ್ತನೆಯ ದಿನ, ನಿದ್ದೆಯಲ್ಲೇ ಹೋದ್ಲು, ನೋವಾಗ್ಲಿಲ್ಲ, ಎಲ್ಲಾ ಮುಗೀತು, ಈಗ ಓಡಿ ಬರ್ಬೇಡ. ಹೊಲಿಗೆ ಬಿಚ್ಚಿದ ಮೇಲೆ ಅಕ್ಕ ಬಂದಾಗ ಮನೆ ತೊಳೆದಾಗಿತ್ತು, ಮಂಚ ಎತ್ತಿಟ್ಟಾಗಿತ್ತು. ಕಿವಿ ಉಳಿಯಲಿಲ್ಲ. ಅವಳು ಏನೂ ಕೇಳಲೂ ಇಲ್ಲ. ಕೇಳಲಿಲ್ಲವಲ್ಲ ಎಂದು ಅವನು ಆರು ವರ್ಷ ನೆಮ್ಮದಿಯಾಗಿದ್ದ.

ಆ ಸಂಜೆ ಹೆಂಡತಿಗೆ ಹೇಳಿದ. ಅವಳು ಬಟ್ಟೆ ಮಡಚುತ್ತಿದ್ದಳು; ಮಡಚುವುದನ್ನು ನಿಲ್ಲಿಸಲಿಲ್ಲ.

"ನಾನು ಆವತ್ತೇ ಹೇಳಿದ್ದೆ."

"ಏನಂತ?"

"ಹೇಳ್ಬಿಡಿ ಅಂತ. ಬರೋದು ಬಿಡೋದು ಅವರಿಷ್ಟ ಅಂತ. ನೀವು, ನಿಮ್ಮ ಚಿಕ್ಕಪ್ಪ ಸೇರಿ ನನ್ನ ಬಾಯಿ ಮುಚ್ಚಿಸಿದ್ರಿ." ಒಂದು ಅಂಗಿಯ ತೋಳು ನೇರ ಮಾಡಿ ಅವಳು ಮತ್ತೆ ಅಂದಳು, "ನಾನೂ ಮುಚ್ಚಿಕೊಂಡೆ. ನಂದೂ ತಪ್ಪೇ."

ಭಾನುವಾರ ಹತ್ತಕ್ಕೆ ಅವನು ಪರದೆಯ ಮುಂದೆ ಕೂತಾಗ ಅಕ್ಕ ಬರುತ್ತಾಳೆಂಬ ನಂಬಿಕೆ ಇರಲಿಲ್ಲ. ಹತ್ತೂ ಐದಕ್ಕೆ ಹಸಿರು ಚುಕ್ಕೆ ಹೊತ್ತಿತು.

"ಎಲ್ರಿಗೂ ನಮಸ್ಕಾರ," ಎಂದು ಬರೆದಳು. "ಹೋದ ವಾರ ಸೂತ್ರಧಾರರು ದಾಳ ಓದೋದ್ರಲ್ಲಿ ಒಂದು ತಪ್ಪಾಗಿತ್ತು. ಬಿದ್ದಿದ್ದು ಏಳಲ್ಲ, ಇಪ್ಪತ್ತು. ಅಲ್ಲಿಂದಲೇ ಶುರು ಮಾಡೋಣ."

ಅವಳು ಅವನನ್ನು ಮತ್ತೊಬ್ಬರ ಎದುರು ಬಿಟ್ಟುಕೊಟ್ಟಿರಲಿಲ್ಲ. ಅವಳು ತೆರೆದಿಟ್ಟ ಆ ಬಾಗಿಲಿನಿಂದ ನುಸುಳಿ ಹೋಗಬಹುದಿತ್ತು. ಮೇಷ್ಟ್ರಿಗೆ ಗೊತ್ತಿದೆ, ಆದರೂ ಅವರು ಮಾತಾಡುವವರಲ್ಲ. ಕೊಕ್ಕರೆ ಗಿರಾಕಿಯ ಜೊತೆ ಇರಬೇಕು. ಅವನು ಈ ಸಲ ಅಳಿಸಲಿಲ್ಲ.

"ತಪ್ಪಲ್ಲ. ಸುಳ್ಳು. ಬೇಕಂತಲೇ ಹೇಳಿದ್ದು. ಅಕ್ಕನ ವಿಷಯದಲ್ಲಿ ಮೊದಲಿಂದಲೂ ಹೇಳ್ತಾ ಬಂದಿದೀನಿ. ಇನ್ನು ಮೇಲೆ ದಾಳ ನನ್ನ ಮೇಜಿನ ಮೇಲೆ ಬೇಡ. ಚಾಟ್‌ನಲ್ಲೇ ದಾಳ ಹಾಕೋ ಸೌಲಭ್ಯ ಇದೆ, ಬಿದ್ದಿದ್ದು ಎಲ್ರಿಗೂ ಕಾಣುತ್ತೆ."

ಮೊದಲು ಬರೆದದ್ದು ಕೊಕ್ಕರೆ: "ಹಾಗಾದ್ರೆ ನನ್ನ ಎಡಗೈ?"

"ನಿಂದು ನಿಜವಾಗ್ಲೂ ಹತ್ತೊಂಬತ್ತು ಬಿದ್ದಿತ್ತು."

"ನಂಗ್ಯಾಕೆ ಸುಳ್ಳು ಹೇಳ್ಲಿಲ್ಲ? ಇಪ್ಪತ್ತೈದು ವರ್ಷದ ಸ್ನೇಹ ಕಣಯ್ಯ." ಕೆಳಗೆ ಒಂದು ನಗುವ ಮುಖ ಹಾಕಿದ. ಅದು ಅರ್ಧ ತಮಾಷೆ. ಇನ್ನರ್ಧ ತಮಾಷೆಯಲ್ಲ ಎಂದು ಅವನಿಗೆ ತಿಳಿಯಿತು.

"ಸರಿ, ಆಯ್ತಲ್ಲ," ಎಂದಳು ಅಕ್ಕ. "ನನ್ನ ಸಾವು ನಾನು ಬರೀತೀನಿ. ಯಾರೂ ನಡುವೆ ಬಾಯಿ ಹಾಕ್ಬೇಡಿ."

ಅಂಬಿಗಿತ್ತಿ ಆ ದಿನ ಬರಗಾಲದ ಆಚೆದಡಕ್ಕೆ ಬಿತ್ತನೆಯ ಬೀಜ ಸಾಗಿಸುತ್ತಿದ್ದಳು. ಮೇಷ್ಟ್ರ ಪಾತ್ರವೂ ಕೊಕ್ಕರೆಯ ಪಾತ್ರವೂ ದಡದಲ್ಲಿ ಕಾಯುತ್ತಿದ್ದವು. ಅಕ್ಕನ ಸಾಲುಗಳು ಒಂದೊಂದಾಗಿ ಬಂದವು. ಎರಡು ಸಾಲಿನ ನಡುವೆ ಅವಳು ಎಷ್ಟು ಹೊತ್ತು ತೆಗೆದುಕೊಂಡರೂ ಮೂವರೂ ಸುಮ್ಮನೆ ಕಾದರು.

"ಹುಟ್ಟು ಮೊಸಳೆಯ ಗಂಟಲಲ್ಲಿ ಸಿಕ್ಕಿಕೊಂಡಿದೆ. ಅದು ಬಿಡುವುದಿಲ್ಲ. ನಾನೂ ಬಿಡುವುದಿಲ್ಲ."

"ನನ್ನ ಎಡಗಾಲು ಅದರ ಬಾಯಲ್ಲಿದೆ. ಬೀಜದ ಮೂಟೆಗಳು ಒದ್ದೆಯಾಗಿಲ್ಲ. ನೋಡಿಕೊಂಡೆ."

"ದೋಣಿಯ ಹಗ್ಗವನ್ನು ದಡಕ್ಕೆ ಎಸೆಯುತ್ತೇನೆ. ಹಿಡಿದುಕೊಳ್ಳಿ. ಎಳೆದುಕೊಳ್ಳಿ. ದೋಣಿಯನ್ನು. ನನ್ನನ್ನಲ್ಲ."

ಮೇಷ್ಟ್ರು ತಡೆಯಲಾರದೆ ಒಂದೇ ಮಾತು ಬರೆದರು: "ಹಿಡಿದೆ."

"ಈಗ ಹುಟ್ಟು ಬಿಡುತ್ತೇನೆ."

"ನೀರು ತಣ್ಣಗಿದೆ."

ಅದರ ಮೇಲೆ ಅವಳು ಏನೂ ಬರೆಯಲಿಲ್ಲ. ಸೂತ್ರಧಾರ ಏನಾದರೂ ಹೇಳಿ ಮುಗಿಸಬೇಕಿತ್ತು. ಎರಡು ವರ್ಷದಿಂದ ಬಿರುಗಾಳಿ, ಬೆಂಕಿ, ಸೇನೆಗಳನ್ನು ಪುಟಗಟ್ಟಲೆ ಬರೆದವನಿಗೆ ಈಗ ಎರಡೇ ಮಾತು ಸಿಕ್ಕವು. "ಹೊಳೆ ಹರಿಯುತ್ತದೆ," ಎಂದು ಬರೆದ. ಬಾಗಿಲ ಬಳಿ ಹೆಂಡತಿ ಎಷ್ಟು ಹೊತ್ತಿನಿಂದ ನಿಂತಿದ್ದಳೋ. ತಿರುಗಿ ನೋಡಿದಾಗ ಒಳಗೆ ಹೋದಳು.

"ಅಕ್ಕಾ," ಎಂದು ಕೊಕ್ಕರೆ ಬರೆದ, "ಅಂಗಡೀಲಿ ಜನ ಇದಾರೆ, ನನ್ನ ಕಣ್ಣು ನೋಡಿ ಏನಾಯ್ತು ಅಂತ ಕೇಳ್ತಿದಾರೆ. ಏನ್ ಹೇಳ್ಲಿ?"

"ನಿನ್ನತ್ರಾನೇ ಔಷಧಿ ಇದೆಯಲ್ಲ, ಹಾಕ್ಕೋ," ಎಂದಳು ಅಕ್ಕ. "ಮುಂದಿನ ವಾರಕ್ಕೆ ಹೊಸಬಳನ್ನ ಕರ್ಕೊಂಡು ಬರ್ತೀನಿ. ಈ ಸಲ ಕಳ್ಳಿ ಆಗೋಣ ಅಂತಿದೀನಿ."

ಆಟ ಮುಗಿದು ಎಲ್ಲರೂ ಹೋದ ಮೇಲೆ ಅವನ ಮೊಬೈಲಿಗೆ ಪ್ರತ್ಯೇಕವಾಗಿ ಬರೆದಳು.

"ನಾಳಿದ್ದು ಮಂಗಳವಾರ ಕೌಂಟರ್ ಹತ್ರ ಬಾ. ಹನ್ನೊಂದು ಗಂಟೆಗೆ ಜನ ಕಮ್ಮಿ. ಅಮ್ಮನ ಒಂಬತ್ತು ದಿನ ಹೇಳು."

"ಇಲ್ಲೇ ಎಲ್ಲಾ ಬರೀತೀನಿ ಅಕ್ಕಾ."

"ಬೇಡ. ಬರೆಯುವಾಗ ನೀನು ಅಳಿಸ್ತೀಯ."

ಬಸ್ ನಿಲ್ದಾಣದ ಆರನೆಯ ಪ್ಲಾಟ್‌ಫಾರ್ಮಿನ ತುದಿಯಲ್ಲಿ, ಶೌಚಾಲಯಕ್ಕೂ ಪಾರ್ಸೆಲ್ ಕೋಣೆಗೂ ನಡುವೆ ಅವಳ ಕೌಂಟರ್. ಮೊದಲು ಅವಳು ವಿಚಾರಣೆಯ ಕಿಟಕಿಯಲ್ಲಿದ್ದಳು. ಕಿವಿ ಹೋದ ಮೇಲೆ ಇಲ್ಲಿಗೆ ಹಾಕಿದರು. ವಿಚಾರಣೆಗೆ ಬರುವವರು ಓಡುತ್ತ ಬಂದು ಓಡುತ್ತ ಕೇಳುತ್ತಾರೆ. ಕಳೆದುಕೊಂಡವರು ನಿಂತು, ಮುಖ ನೋಡಿ, ನಿಧಾನವಾಗಿ ಹೇಳುತ್ತಾರೆ. ಇದೇ ವಾಸಿ ಎಂದು ಅವಳು ಅನ್ನುತ್ತಿದ್ದಳು. ಹಿಂದಿನ ಕಪಾಟುಗಳಲ್ಲಿ ಕೊಡೆಗಳು, ಊಟದ ಡಬ್ಬಿಗಳು, ಒಂಟಿ ಚಪ್ಪಲಿಗಳು, ಒಂದು ಊರುಗೋಲು. ಪ್ರತಿಯೊಂದಕ್ಕೂ ದಾರ ಕಟ್ಟಿದ ಚೀಟಿ.

ಅವನನ್ನು ಒಳಗೆ ಕರೆದು ಸ್ಟೂಲು ಎಳೆದುಕೊಟ್ಟಳು. ಫ್ಲಾಸ್ಕಿನಿಂದ ಚಹಾ ಬಗ್ಗಿಸಿದಳು. ಎದುರು ಕೂತಳು.

ಅವನು ಊರುಗೋಲನ್ನು ನೋಡುತ್ತ ಶುರುಮಾಡಿದ. "ಮೊದಲನೇ ದಿನ ಪ್ರಜ್ಞೆ ಇರ್ಲಿಲ್ಲ..."

"ಈ ಕಡೆ ನೋಡಿ ಹೇಳು," ಎಂದಳು ಅಕ್ಕ. "ನೀನು ಆ ಕಡೆ ತಿರುಗಿದ್ರೆ ನಂಗೆ ಏನೂ ಇಲ್ಲ."

ಅವನು ತಿರುಗಿದ. ಅವಳ ಕಣ್ಣು ಅವನ ಕಣ್ಣಿನ ಮೇಲಿರಲಿಲ್ಲ, ಬಾಯಿಯ ಮೇಲಿತ್ತು. ಸಣ್ಣವನಿದ್ದಾಗ ತುತ್ತು ಹಾಕುವಾಗ ಹೀಗೇ ನೋಡುತ್ತಿದ್ದಳು.

"ಮೊದಲನೇ ದಿನ ಪ್ರಜ್ಞೆ ಇರ್ಲಿಲ್ಲ. ಎರಡನೇ ದಿನ ಬಂತು. ಉಸಿರಾಟಕ್ಕೆ ಕಷ್ಟ ಆಗ್ತಿತ್ತು, ಅದಕ್ಕೆ ಗಂಟಲಿಗೆ ತೂತು ಮಾಡಿ ನಳಿಗೆ ಹಾಕಿದ್ರು. ಅವಳು ಎಚ್ಚರವಾಗೇ ಇದ್ಲು ಅಕ್ಕಾ. ಕೊನೇ ದಿನದವರೆಗೂ ಎಚ್ಚರವಾಗೇ ಇದ್ಲು. ನಿದ್ದೆಯಲ್ಲಿ ಹೋಗ್ಲಿಲ್ಲ."

ಅವಳು ತಲೆಯಾಡಿಸಿದಳು, ಮುಂದೆ ಎನ್ನುವ ಹಾಗೆ.

"ಬಾಗಿಲಿನ ಎದುರಿಗೇ ಹಾಸಿಗೆ. ನರ್ಸ್ ಬಂದ್ರೂ, ಗುಡಿಸೋರು ಬಂದ್ರೂ, ಬಾಗಿಲು ತೆರೆದ ತಕ್ಷಣ ಆ ಕಡೆ ಕತ್ತು ತಿರುಗಿಸೋಳು."

ಕೌಂಟರಿನ ಮೇಲೆ ಯಾರೋ ಬೆರಳಿನಿಂದ ತಟ್ಟಿದರು. ಅಕ್ಕನಿಗೆ ಅದು ಕೇಳಿಸಲಿಲ್ಲ. ತಮ್ಮನ ಕಣ್ಣು ಸರಿದದ್ದು ನೋಡಿ ತಿರುಗಿದಳು. ಆಚೆ ಕನ್ನಡಕದ ಹೆಂಗಸೊಬ್ಬಳು, ನಿನ್ನೆ ಸಂಜೆಯ ಬಸ್ಸಿನಲ್ಲಿ ನೀಲಿ ಕೊಡೆ ಬಿಟ್ಟಿದ್ದೆ ಅಂದಳು. ಅಕ್ಕ ಎದ್ದು, ಮೂರು ನೀಲಿ ಕೊಡೆ ತಂದು ಮುಂದಿಟ್ಟು, ಹಿಡಿಯ ಬಣ್ಣ ಕೇಳಿ, ಪುಸ್ತಕದಲ್ಲಿ ಸಹಿ ಹಾಕಿಸಿಕೊಂಡು, ಚೀಟಿ ಹರಿದು ಕೊಡೆ ಕೊಟ್ಟಳು. ಹೆಂಗಸು ಎರಡೆರಡು ಸಲ ಥ್ಯಾಂಕ್ಸ್ ಹೇಳಿದಳು. ಅಕ್ಕ ವಾಪಸು ಬಂದು ಕೂತು, ಸೀರೆಯ ನೆರಿಗೆ ಸರಿಮಾಡಿಕೊಂಡಳು.

"ಯಾರು ಬಂದ್ರು ಅಂತ ನೋಡ್ತಿದ್ಲು?"

"ನೀನು."

"ಕೇಳಿದ್ಲಾ?"

"ದಿನಾ. ಬಂದ್ಲಾ ಅಂತ."

"ನೀನೇನಂದೆ?"

ಹೊರಗೆ ಒಂದು ಬಸ್ಸು ಹಿಂದಕ್ಕೆ ಬರುತ್ತ ಹಾರ್ನ್ ಹೊಡೆಯುತ್ತಲೇ ಇತ್ತು. ಅದು ನಿಲ್ಲುವವರೆಗೆ ಅವನಿಗೆ ನೆಪವಿತ್ತು, ಅಕ್ಕನಿಗೆ ಆ ನೆಪ ಕೇಳುತ್ತಿರಲಿಲ್ಲ. ಅವಳು ಬಾಯಿಯನ್ನೇ ನೋಡುತ್ತಿದ್ದಳು.

"ದಾರೀಲಿದಾಳೆ ಅಂದೆ," ಎಂದ. "ನಾಳೆ ಬರ್ತಾಳೆ ಅಂದೆ. ಎಚ್ಚರ ಇದ್ದ ಎಂಟು ದಿನಾನೂ ಅದನ್ನೇ ಅಂದೆ."

ಅಕ್ಕನ ಕೈ ಚಹಾದ ಲೋಟದ ಸುತ್ತ ಇತ್ತು. ಅವಳ ಮುಖದಲ್ಲಿ ಏನೋ ಒಂದು ನಿಧಾನವಾಗಿ ಕೆಳಗಿಳಿದು, ತಳ ಮುಟ್ಟಿ ಕೂತಿತು.

"ಅವಳ ಲೆಕ್ಕದಲ್ಲಿ ನಾನು ಬರ್ತೀನಿ ಅಂದು ಬರದೇ ಹೋದೋಳು," ಎಂದಳು.

ಅವನು ಏನೋ ಹೇಳಲು ಹೋದ. ಅವಳು ಬೇಡವೆಂದು ಕೈ ಎತ್ತಿದಳು. ಬೈಯಲಿಲ್ಲ. ಬೈದಿದ್ದರೆ ಎದ್ದು ಹೋಗಬಹುದಿತ್ತು. ಪಕ್ಕದ ಪಾರ್ಸೆಲ್ ಕೋಣೆಯಲ್ಲಿ ಮೂಟೆಯೊಂದು ದೊಪ್ಪನೆ ಬಿದ್ದು, ಯಾರೋ ಯಾರನ್ನೋ ಗದರಿಸಿ, ಮತ್ತೆ ಸುಮ್ಮನಾಯಿತು. ಅಕ್ಕ ಚಹಾ ಕುಡಿದು ಮುಗಿಸಿದಳು. ಲೋಟವನ್ನು ಕಾಗದದ ತುಂಡಿನಿಂದ ಒರೆಸಿ ಫ್ಲಾಸ್ಕಿಗೆ ಮುಚ್ಚಿದಳು.

"ಗಂಟಲಲ್ಲಿ ನಳಿಗೆ ಇತ್ತು ಅಂದೆ. ಬಂದ್ಲಾ ಅಂತ ಕೇಳೋಕೆ ಧ್ವನಿ ಹೇಗೆ ಬರ್ತಿತ್ತು?"

"ಬರ್ತಿರ್ಲಿಲ್ಲ. ತುಟಿ ಮಾತ್ರ ಆಡ್ತಿತ್ತು."

"ಮಾಡಿ ತೋರಿಸು."

"ಅಕ್ಕಾ..."

"ಅವಳು ಹೇಗೆ ಅಂದ್ಲೋ ಹಾಗೆ. ಧ್ವನಿ ಹಾಕ್ಬೇಡ."

ಅವಳು ಸ್ಟೂಲನ್ನು ಮುಂದಕ್ಕೆ ಎಳೆದುಕೊಂಡಳು. ಮೊಣಕಾಲಿಗೆ ಮೊಣಕಾಲು ತಾಗುವಷ್ಟು. ಅವನ ತುಟಿಗಳು ಕೂಡಿ ಬಿಟ್ಟುಕೊಂಡವು, ನಾಲಿಗೆ ಹಲ್ಲಿನ ಹಿಂದೆ ತಾಗಿತು, ಕೊನೆಗೆ ಬಾಯಿ ತೆರೆದೇ ಉಳಿಯಿತು, ಉತ್ತರಕ್ಕೆ ಕಾಯುವವರ ಬಾಯಿಯ ಹಾಗೆ.

ಧ್ವನಿವರ್ಧಕ ಹೊರಡುವ ಬಸ್ಸುಗಳ ಹೆಸರುಗಳನ್ನು ಒಂದರ ಹಿಂದೊಂದು ಕೂಗತೊಡಗಿತು. ಜನ ಗಂಟುಮೂಟೆ ಎತ್ತಿಕೊಂಡು ಕೌಂಟರಿನ ಮುಂದಿನಿಂದ ಸರಸರ ಹಾದುಹೋದರು.

"ಇನ್ನೊಂದ್ಸಲ," ಎಂದಳು ಅಕ್ಕ, "ಸ್ವಲ್ಪ ನಿಧಾನಕ್ಕೆ."

ಅವನು ಮತ್ತೆ ತುಟಿ ಕೂಡಿಸಿದ.